ಹೊಗೆಗೊಂದು ಲೆಕ್ಕ, ಸದ್ದಿಗೊಂದು ಲೆಕ್ಕ

ರಾಯಚೂರಿನಿಂದ ಹೈದರಾಬಾದ್ ಕಡೆ ಹೋಗುವ ರಸ್ತೆಯಲ್ಲಿ, ಕೃಷ್ಣಾ ನದಿ ದಾಟುವ ಮುಂಚೆ ಶಕ್ತಿನಗರ ಸಿಗುತ್ತದೆ. ಊರಿಗಿಂತ ಮೊದಲು ಕಣ್ಣಿಗೆ ಬೀಳೋದು ಅಲ್ಲಿನ ಚಿಮಣಿಗಳು. 1985ರಲ್ಲಿ ಮೊದಲ ಘಟಕ ಶುರುವಾದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದಲ್ಲಿ ಈಗ 210 ಮೆಗಾವಾಟ್‌ನ ಏಳು ಘಟಕ, 250 ಮೆಗಾವಾಟ್‌ನ ಒಂದು ಘಟಕ ಇವೆ. ಒಟ್ಟು 1720 ಮೆಗಾವಾಟ್. ನಮ್ಮ ಹಾಸ್ಟೆಲ್ ಫ್ಯಾನು ತಿರುಗುವುದರಲ್ಲಿ ಆ ಕಲ್ಲಿದ್ದಲಿನ ಪಾಲೂ ಇದೆ.

ಅಲ್ಲಿಂದ ಎಷ್ಟು ಧೂಳು ಹೊರಗೆ ಬಿಡಬಹುದು? ಎಷ್ಟು ಸದ್ದು ಮಾಡಬಹುದು? ಅದನ್ನು ಅಳೆಯೋರು ಯಾರು, ಅವರು ಕೊಟ್ಟ ಸಂಖ್ಯೆಯನ್ನು ನಂಬೋದು ಹೇಗೆ? ಎನ್ವಿರಾನ್‌ಮೆಂಟಲ್ ಸ್ಟಡೀಸ್ ಪೇಪರಿನಲ್ಲಿ ನಾವೆಲ್ಲ ಕಾಯ್ದೆಗಳ ಹೆಸರು, ಇಸವಿ ಬರೆದು ಪಾಸಾಗಿದ್ದೇವೆ. ಆದರೆ ಕಾಯ್ದೆಯ ಒಂದು ಸಾಲು ಕೊನೆಗೆ ಒಂದು ಫ್ಯಾನಿನ ವೇಗವಾಗಿ, ಒಂದು ತಟ್ಟೆಯ ವಿಸ್ತೀರ್ಣವಾಗಿ ಹೇಗೆ ಬದಲಾಗುತ್ತದೆ ಅನ್ನೋದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಈ ಲೇಖನದಲ್ಲಿ ಅದನ್ನೇ ನೋಡೋಣ. ಕ್ಯಾಲ್ಕುಲೇಟರ್ ಪಕ್ಕದಲ್ಲಿದ್ದರೆ ಒಳ್ಳೆಯದು.

ಕಾನೂನಿನ ಎರಡು ಕಣ್ಣು

ಭಾರತದಲ್ಲಿ ವಾಯು ಮಾಲಿನ್ಯ ನಿಯಂತ್ರಣ ಕಾಯ್ದೆ ಬಂದದ್ದು 1981ರಲ್ಲಿ. 1987ರ ತಿದ್ದುಪಡಿಯಲ್ಲಿ ಒಂದು ಸ್ವಾರಸ್ಯದ ಬದಲಾವಣೆ ಆಯಿತು. ‘ವಾಯು ಮಾಲಿನ್ಯಕಾರಕ’ ಎಂಬ ಪದದ ವ್ಯಾಖ್ಯೆಯೊಳಗೆ ಘನ, ದ್ರವ, ಅನಿಲಗಳ ಜೊತೆ ಸದ್ದನ್ನೂ ಸೇರಿಸಿದರು. ಅಂದರೆ ಕಾನೂನಿನ ಕಣ್ಣಿಗೆ ಚಿಮಣಿಯ ಹೊಗೆಯೂ ಬ್ಲೋವರಿನ ಅಬ್ಬರವೂ ಒಂದೇ ಜಾತಿ. ಭೋಪಾಲ್ ದುರಂತದ ನಂತರ 1986ರಲ್ಲಿ ಪರಿಸರ (ಸಂರಕ್ಷಣೆ) ಕಾಯ್ದೆ ಬಂತು. ಉದ್ದಿಮೆವಾರು ಮಿತಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸೋದು ಇದರ ಅಡಿಯ ನಿಯಮಗಳಲ್ಲಿ. 2000ದಲ್ಲಿ ಶಬ್ದಕ್ಕೆಂದೇ ಪ್ರತ್ಯೇಕ ನಿಯಮಗಳು ಬಂದವು.

ಇವನ್ನೆಲ್ಲ ನಮ್ಮಲ್ಲಿ ಜಾರಿ ಮಾಡುವುದು 1974ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕಾರ್ಖಾನೆಗೆ ಎರಡು ಒಪ್ಪಿಗೆ ಬೇಕು. ಕಟ್ಟುವ ಮೊದಲು ಸ್ಥಾಪನಾ ಸಮ್ಮತಿ, ಅಂದರೆ ಸಿಎಫ್‌ಇ. ಯಂತ್ರ ಓಡಿಸುವ ಮೊದಲು ಕಾರ್ಯಾಚರಣೆ ಸಮ್ಮತಿ, ಅಂದರೆ ಸಿಎಫ್‌ಒ. ಯಾವ ಚಿಮಣಿ ಎಷ್ಟೆತ್ತರ, ಯಾವ ಫಿಲ್ಟರ್, ಎಷ್ಟು ದಿನಕ್ಕೊಮ್ಮೆ ಅಳತೆ ಎಂಬುದೆಲ್ಲ ಈ ಸಮ್ಮತಿ ಪತ್ರದ ಷರತ್ತುಗಳಲ್ಲಿ ಇರುತ್ತದೆ. ಮುಂದೆ ಯಾವುದಾದರೂ ಪ್ಲಾಂಟಿಗೆ ಇಂಟರ್ನ್‌ಶಿಪ್‌ಗೆ ಹೋದರೆ ಮೊದಲು ಆ ಪತ್ರವನ್ನು ಕೇಳಿ ಓದಿ.

ಇಲ್ಲಿ ಒಂದು ವ್ಯತ್ಯಾಸ ಮನಸ್ಸಲ್ಲಿ ಇಟ್ಟುಕೊಳ್ಳಬೇಕು. ಚಿಮಣಿಯ ಬಾಯಲ್ಲಿ ಹಾಕುವ ಮಿತಿ ಬೇರೆ, ನಾವು ಉಸಿರಾಡುವ ಗಾಳಿಗೆ ಹಾಕುವ ಮಿತಿ ಬೇರೆ. ಮೊದಲನೆಯದು ಹೊರಸೂಸುವಿಕೆಯ ಮಾನದಂಡ, ಲೆಕ್ಕ ಮಿಲಿಗ್ರಾಂನಲ್ಲಿ. ಎರಡನೆಯದು ಪರಿಸರದ ಗಾಳಿಯ ಮಾನದಂಡ, ಲೆಕ್ಕ ಮೈಕ್ರೋಗ್ರಾಂನಲ್ಲಿ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ10 ಕಣಗಳು 100 ಮೈಕ್ರೋಗ್ರಾಂ, ಪಿಎಂ2.5 ಕಣಗಳು 60 ಮೈಕ್ರೋಗ್ರಾಂ, ಸಲ್ಫರ್ ಡೈಆಕ್ಸೈಡ್ 80 ಮೈಕ್ರೋಗ್ರಾಂ ದಾಟಬಾರದು. ಒಂದು ಕಾರ್ಖಾನೆ ತನ್ನ ಚಿಮಣಿ ಮಿತಿಯನ್ನು ಚಾಚೂ ತಪ್ಪದೆ ಪಾಲಿಸಿದರೂ, ಪಕ್ಕದಲ್ಲಿ ಅಂಥವೇ ಇಪ್ಪತ್ತು ಇದ್ದರೆ ಊರಿನ ಗಾಳಿ ಕೆಟ್ಟೇ ಕೆಡುತ್ತದೆ. ಅದಕ್ಕೇ ಎರಡೂ ಕಣ್ಣು ಬೇಕು.

50 ಅಂದರೆ ನಿಜವಾಗಿ ಎಷ್ಟು?

2015ರ ಡಿಸೆಂಬರಿನಲ್ಲಿ ಕಲ್ಲಿದ್ದಲು ಸ್ಥಾವರಗಳಿಗೆ ಹೊಸ ಮಿತಿ ಬಂತು. ಧೂಳಿನ ವಿಷಯಕ್ಕೆ ಹೇಳೋದಾದರೆ, 2003ರ ಕೊನೆಯೊಳಗೆ ಸ್ಥಾಪನೆಯಾದ ಘಟಕಕ್ಕೆ ಪ್ರತಿ ನಾರ್ಮಲ್ ಘನ ಮೀಟರಿಗೆ 100 ಮಿಲಿಗ್ರಾಂ, 2004ರಿಂದ 2016ರವರೆಗಿನವಕ್ಕೆ 50, 2017ರಿಂದ ಈಚಿನವಕ್ಕೆ 30. ಹಾಗಾಗಿ ಶಕ್ತಿನಗರದ ಒಂದೇ ಕಾಂಪೌಂಡಿನಲ್ಲಿ ಎರಡು ಮಿತಿ ಇವೆ: ಮೊದಲ ಏಳು ಘಟಕಗಳಿಗೆ 100, ಆಮೇಲೆ ಬಂದ ಎಂಟನೆಯದಕ್ಕೆ 50.

ಇಲ್ಲಿ ‘ನಾರ್ಮಲ್’ ಎಂಬ ಪದವನ್ನು ಹಗುರವಾಗಿ ತಗೋಬೇಡಿ. ಚಿಮಣಿಯ ಅನಿಲ ಬಿಸಿಯಾಗಿರುತ್ತದೆ, ಬಿಸಿಯಾದದ್ದು ಹಿಗ್ಗುತ್ತದೆ. ಹಿಗ್ಗಿದ ಅನಿಲದಲ್ಲಿ ಅಷ್ಟೇ ಧೂಳು ತೆಳುವಾಗಿ ಕಾಣುತ್ತದೆ. ಅದಕ್ಕೇ ಅಳತೆಯನ್ನು ಒಂದು ಗೊತ್ತಾದ ತಾಪ, ಒತ್ತಡಕ್ಕೆ ಇಳಿಸಿ ಲೆಕ್ಕ ಹಾಕಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಹಾಲಿಗೆ ನೀರು ಬೆರೆಸಿದ ಹಾಗೆ ಹೊಗೆಗೆ ಗಾಳಿ ಬೆರೆಸಿಬಿಟ್ಟರೆ? ಡಕ್ಟಿನಲ್ಲಿ ಎಲ್ಲೋ ಸಂದು ಇದ್ದು ಹೊರಗಾಳಿ ಒಳಗೆ ನುಗ್ಗಿದರೂ ಅದೇ ಕಥೆ. ಹಾಲಿಗೆ ಲ್ಯಾಕ್ಟೋಮೀಟರ್ ಇದ್ದ ಹಾಗೆ ಇಲ್ಲಿ ಆಮ್ಲಜನಕದ ಅಳತೆ ಇದೆ. ಕಲ್ಲಿದ್ದಲು ಸ್ಥಾವರಕ್ಕೆ 6% ಆಮ್ಲಜನಕ ಆಧಾರ. ತಿದ್ದುವ ಸೂತ್ರ ಸರಳ:

ತಿದ್ದಿದ ಸಾಂದ್ರತೆ = ಅಳೆದ ಸಾಂದ್ರತೆ × (21 − 6) ÷ (21 − ಅಳೆದ ಆಮ್ಲಜನಕ ಶೇಕಡಾ)

ಮೀಟರ್ 40 ಮಿಲಿಗ್ರಾಂ ತೋರಿಸಿತು ಅಂದುಕೊಳ್ಳಿ. 50ರ ಒಳಗಿದೆ, ಖುಷಿ. ಆದರೆ ಅದೇ ಹೊತ್ತಿಗೆ ಆಮ್ಲಜನಕ 11% ಇತ್ತು. ಆಗ 40 × 15 ÷ 10 = 60. ಪಾಸಾದ ಘಟಕ ಫೇಲಾಯಿತು! ಯಾವುದೇ ಮಾಲಿನ್ಯ ವರದಿ ಕೈಗೆ ಸಿಕ್ಕರೆ, ಧೂಳಿನ ಸಂಖ್ಯೆಗಿಂತ ಮೊದಲು ಆಮ್ಲಜನಕದ ಕಾಲಂ ನೋಡಿ. ಅದು ಖಾಲಿ ಇದ್ದರೆ ಉಳಿದ ಸಂಖ್ಯೆಗಳಿಗೆ ಅರ್ಥ ಕಡಿಮೆ.

ಧೂಳು ಹಿಡಿಯುವ ತಟ್ಟೆಗಳು

ದಪ್ಪ ಕಣಕ್ಕೆ ಸೈಕ್ಲೋನ್ ಸಾಕು. ಅನಿಲವನ್ನು ಗಿರಗಿರ ತಿರುಗಿಸಿದರೆ ಭಾರದ ಕಣ ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ. ಸಣ್ಣ ಕಣಕ್ಕೆ ಬಟ್ಟೆಯ ಚೀಲಗಳ ಬ್ಯಾಗ್ ಫಿಲ್ಟರ್, ಇಲ್ಲವೇ ಸ್ಥಿರವಿದ್ಯುತ್ತಿನ ಪ್ರೆಸಿಪಿಟೇಟರ್, ಅಂದರೆ ಇಎಸ್‌ಪಿ. ನಮ್ಮ ಉಷ್ಣ ಸ್ಥಾವರಗಳಲ್ಲಿ ಹೆಚ್ಚಾಗಿ ಇರೋದು ಇಎಸ್‌ಪಿ. ಹೈ ವೋಲ್ಟೇಜ್ ತಂತಿಗಳು ಕಣಕ್ಕೆ ಚಾರ್ಜ್ ಕೊಡುತ್ತವೆ, ಎದುರಿನ ತಟ್ಟೆ ಅದನ್ನು ಎಳೆದುಕೊಳ್ಳುತ್ತದೆ, ಸುತ್ತಿಗೆಯಂಥ ರ್‍ಯಾಪರ್ ಆಗಾಗ ತಟ್ಟೆಗೆ ಕುಟ್ಟಿ ಧೂಳನ್ನು ಕೆಳಗಿನ ಹಾಪರಿಗೆ ಬೀಳಿಸುತ್ತದೆ.

ಇದರ ಲೆಕ್ಕಕ್ಕೆ ಡಾಯ್ಚ್–ಆಂಡರ್ಸನ್ ಸಮೀಕರಣ ಇದೆ. ತಪ್ಪಿಸಿಕೊಂಡು ಹೋಗುವ ಧೂಳಿನ ಪಾಲು = ‘ಇ’ಯ ಮೇಲೆ ಋಣ ಘಾತ. ಆ ಘಾತ ಯಾವುದೆಂದರೆ (ಕಣ ತಟ್ಟೆಯ ಕಡೆ ಸರಿಯುವ ವೇಗ × ತಟ್ಟೆಗಳ ವಿಸ್ತೀರ್ಣ ÷ ಅನಿಲದ ಹರಿವು).

ಒಂದು ಉದಾಹರಣೆ ಮಾಡೋಣ. ಇಎಸ್‌ಪಿಗೆ ಒಳಬರುವ ಅನಿಲದಲ್ಲಿ ಪ್ರತಿ ಘನ ಮೀಟರಿಗೆ 40 ಗ್ರಾಂ ಧೂಳು ಇದೆ ಅಂತಿಟ್ಟುಕೊಳ್ಳಿ. ದೊಡ್ಡ ಘಟಕಗಳಿಗೆ ಮೊದಲು ಇದ್ದ ಮಿತಿ 150 ಮಿಲಿಗ್ರಾಂ. ಅಲ್ಲಿಗೆ ಇಳಿಸಬೇಕಾದರೆ ಧೂಳು ಸುಮಾರು 267 ಪಟ್ಟು ಕಡಿಮೆ ಆಗಬೇಕು, ಆ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ 5.59. 30 ಮಿಲಿಗ್ರಾಂಗೆ ಇಳಿಸಬೇಕಾದರೆ 1333 ಪಟ್ಟು, ಲಾಗರಿದಮ್ 7.2. ಎರಡರ ಅನುಪಾತ ಸುಮಾರು 1.29. ಅಂದರೆ ಮಿತಿಯನ್ನು ಐದನೇ ಒಂದು ಭಾಗಕ್ಕೆ ಬಿಗಿಗೊಳಿಸಿದರೆ ತಟ್ಟೆಯ ವಿಸ್ತೀರ್ಣ ಐದು ಪಟ್ಟಲ್ಲ, ಕಾಗದದ ಮೇಲೆ ಬರೀ 29% ಹೆಚ್ಚಾದರೆ ಸಾಕು. ‘ಅಸಾಧ್ಯ ಮಿತಿ’ ಅಂತ ಯಾರಾದರೂ ವಾದಿಸಿದಾಗ ಈ ಲೆಕ್ಕ ನೆನಪಿರಲಿ.

ಆದರೆ ಲೆಕ್ಕದ ಇನ್ನೊಂದು ಮುಖವನ್ನೂ ಹೇಳಬೇಕು. ಕೊನೆಗೆ ಉಳಿಯುವ ಕಣಗಳು ತೀರಾ ಸಣ್ಣವು, ಅವು ತಟ್ಟೆಯ ಕಡೆ ಸರಿಯೋದು ನಿಧಾನ. ಜೊತೆಗೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಗಂಧಕ ಕಡಿಮೆ. ಗಂಧಕ ಕಡಿಮೆ ಇರೋದು ಒಳ್ಳೆಯದೇ, ಸಲ್ಫರ್ ಡೈಆಕ್ಸೈಡ್ ಕಡಿಮೆ ಬರುತ್ತದೆ. ಆದರೆ ಅಂಥ ಬೂದಿಯ ವಿದ್ಯುತ್ ನಿರೋಧ ಹೆಚ್ಚು, ತಟ್ಟೆಗೆ ಅಂಟಿದ ಮೇಲೂ ಚಾರ್ಜ್ ಬಿಟ್ಟುಕೊಡದೆ ಸತಾಯಿಸುತ್ತದೆ. ಹಾಗಾಗಿ ನಿಜವಾದ ಪ್ಲಾಂಟಿನಲ್ಲಿ 29% ಸಾಲದು. ಆದರೂ ಹೆಚ್ಚುವರಿ ಫೀಲ್ಡ್ ಜೋಡಿಸುವುದು, ಅಮೋನಿಯಾದಂಥ ಅನಿಲ ಬೆರೆಸಿ ಬೂದಿಯ ಗುಣ ಬದಲಿಸುವುದು, ಈ ದಾರಿಗಳೆಲ್ಲ ಗೊತ್ತಿರುವಂಥವೇ.

ಎತ್ತರದ ಚಿಮಣಿ ಏನನ್ನೂ ಕಡಿಮೆ ಮಾಡೋದಿಲ್ಲ

ಧೂಳಿಗೆ ಫಿಲ್ಟರ್ ಇದೆ. ಅನಿಲಕ್ಕೆ? ಬಹಳ ವರ್ಷ ನಮ್ಮ ಉತ್ತರ ಒಂದೇ ಆಗಿತ್ತು: ಚಿಮಣಿ ಎತ್ತರ ಮಾಡಿ. ಸೂತ್ರ ಇದು:

ಚಿಮಣಿಯ ಎತ್ತರ (ಮೀಟರ್) = 14 × (ಗಂಟೆಗೆ ಹೊರಬರುವ ಸಲ್ಫರ್ ಡೈಆಕ್ಸೈಡ್, ಕೆ.ಜಿ.)ರ 0.3 ಘಾತ

ಒಂದು ಬಾಯ್ಲರ್ ಗಂಟೆಗೆ 1000 ಕೆ.ಜಿ. ಕಲ್ಲಿದ್ದಲು ಉರಿಸುತ್ತದೆ, ಅದರಲ್ಲಿ ಗಂಧಕ 0.5% ಅನ್ನೋಣ. ಗಂಧಕ 5 ಕೆ.ಜಿ. ಪರಮಾಣು ತೂಕ 32 ಇರುವ ಗಂಧಕ ಉರಿದು 64 ಅಣುತೂಕದ ಸಲ್ಫರ್ ಡೈಆಕ್ಸೈಡ್ ಆಗುವುದರಿಂದ ಹೊರಬರೋದು 10 ಕೆ.ಜಿ. ಚಿಮಣಿಯ ಎತ್ತರ ಸುಮಾರು 28 ಮೀಟರ್. 210 ಮೆಗಾವಾಟ್ ಘಟಕದಂಥ ದೊಡ್ಡದಕ್ಕೆ ಸೂತ್ರವನ್ನೂ ಬಿಟ್ಟು ನೇರವಾಗಿ 220 ಮೀಟರ್, 500 ಮೆಗಾವಾಟ್ ದಾಟಿದರೆ 275 ಮೀಟರ್ ಅಂತ ನಿಯಮ ಮಾಡಿದ್ದರು.

ಹೊಗೆಯ ಪರಿಣಾಮಕಾರಿ ಎತ್ತರ ಎರಡು ಪಟ್ಟಾದರೆ ನೆಲಮಟ್ಟದ ಗರಿಷ್ಠ ಸಾಂದ್ರತೆ ಸರಿಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಪಕ್ಕದ ಕಾಲೊನಿಯವರಿಗೆ ಇದು ದೊಡ್ಡ ಸಮಾಧಾನವೇ. ಆದರೆ ಹೊರಗೆ ಹೋಗುವ ಒಟ್ಟು ಅನಿಲದಲ್ಲಿ ಒಂದು ಗ್ರಾಂ ಕೂಡ ಕಡಿಮೆ ಆಗಲಿಲ್ಲ. ಅದು ಗಾಳಿಯ ಜೊತೆ ಹೋಗಿ, ದಾರಿಯಲ್ಲಿ ಸಲ್ಫೇಟ್ ಕಣವಾಗಿ, ದೂರದ ಊರಿನ ಪಿಎಂ2.5 ಲೆಕ್ಕಕ್ಕೆ ಸೇರುತ್ತದೆ. ನಮ್ಮ ಮನೆ ಕಸ ಗುಡಿಸಿ ಮುಂದಿನ ಬೀದಿಗೆ ತಳ್ಳಿದ ಹಾಗೆ. ಅದಕ್ಕೇ 2015ರ ನಿಯಮದಲ್ಲಿ ಮೊದಲ ಬಾರಿಗೆ ಸಲ್ಫರ್ ಡೈಆಕ್ಸೈಡಿಗೂ ಮಿತಿ ಹಾಕಿದರು: ಹಳೆಯ ಘಟಕಗಳಲ್ಲಿ 500 ಮೆಗಾವಾಟ್‌ಗಿಂತ ಸಣ್ಣವಕ್ಕೆ 600 ಮಿಲಿಗ್ರಾಂ, ಅದಕ್ಕೂ ದೊಡ್ಡವಕ್ಕೆ 200. ಇದಕ್ಕೆ ಸುಣ್ಣದಕಲ್ಲಿನ ಹಿಟ್ಟಿನ ನೀರಿನಲ್ಲಿ ಅನಿಲವನ್ನು ತೊಳೆಯುವ ಎಫ್‌ಜಿಡಿ ಘಟಕ ಬೇಕು. ದುಬಾರಿ ವ್ಯವಹಾರ. ಆ ಮಿತಿಗೆ ಕೊಟ್ಟ ಗಡುವು ಒಂದಲ್ಲ, ಹಲವು ಸಲ ಮುಂದಕ್ಕೆ ಹೋಗಿದೆ.

ಸದ್ದಿನ ಗಣಿತ ಬೇರೆಯೇ

ಈಗ ಸದ್ದು. ನಿಯಮ ಊರನ್ನು ನಾಲ್ಕು ವಲಯ ಮಾಡುತ್ತದೆ. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10, ಉಳಿದದ್ದು ರಾತ್ರಿ. ಎ-ತೂಕದ ಡೆಸಿಬಲ್‌ಗಳಲ್ಲಿ ಮಿತಿಗಳು ಹೀಗಿವೆ:

ಕೈಗಾರಿಕಾ ವಲಯ: ಹಗಲು 75, ರಾತ್ರಿ 70
ವಾಣಿಜ್ಯ ವಲಯ: ಹಗಲು 65, ರಾತ್ರಿ 55
ವಸತಿ ವಲಯ: ಹಗಲು 55, ರಾತ್ರಿ 45
ಮೌನ ವಲಯ: ಹಗಲು 50, ರಾತ್ರಿ 40

ಇದು ಬೇಲಿಯ ಹೊರಗಿನ ಜನರಿಗೆ. ಬೇಲಿಯ ಒಳಗೆ ದುಡಿಯುವ ಕಾರ್ಮಿಕರ ಕಿವಿಗೆ ಬೇರೆ ಲೆಕ್ಕ: ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಗೆ 90 ಡೆಸಿಬಲ್. ಎರಡನ್ನೂ ಕಲಸಬಾರದು.

ಡೆಸಿಬಲ್ ಲಾಗರಿದಮ್ಮಿನ ಕೂಸು, ಕೂಡೋದು ಕಳೆಯೋದು ನಮ್ಮ ಅಭ್ಯಾಸದಂತೆ ನಡೆಯೋದಿಲ್ಲ. 85 ಡೆಸಿಬಲ್‌ನ ಎರಡು ಯಂತ್ರ ಒಟ್ಟಿಗೆ ಓಡಿದರೆ 170 ಅಲ್ಲ, 88. ನಾಲ್ಕು ಓಡಿದರೆ 91. ತಿರುಗಿಸಿ ಹೇಳಿದರೆ, ನಾಲ್ಕರಲ್ಲಿ ಎರಡನ್ನು ಬಂದ್ ಮಾಡಿದರೂ ಉಳಿತಾಯ ಬರೀ 3. ಹಾಗಾಗಿ ಎಲ್ಲಕ್ಕಿಂತ ಜೋರಾದ ಯಂತ್ರ ಯಾವುದು ಅಂತ ಮೊದಲು ಹುಡುಕಬೇಕು. ಅದನ್ನು ಬಿಟ್ಟು ಬೇರೆಯವಕ್ಕೆ ಖರ್ಚು ಮಾಡಿದರೆ ದುಡ್ಡು ಹೋಗುತ್ತದೆ, ಸದ್ದು ಹೋಗೋದಿಲ್ಲ.

ದೂರದ ಲೆಕ್ಕ ಹೀಗಿದೆ: ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. 5 ಮೀಟರಿನಲ್ಲಿ 95 ಇರುವ ಬ್ಲೋವರ್ 160 ಮೀಟರಿನಲ್ಲಿ 65, 640 ಮೀಟರಿನಲ್ಲಿ 53. ಅರ್ಧ ಕಿಲೋಮೀಟರ್ ದಾಟಿದರೂ ವಸತಿ ವಲಯದ ರಾತ್ರಿಯ 45ಕ್ಕೆ ಬರಲಿಲ್ಲ ನೋಡಿ. ದೂರವನ್ನೇ ನಂಬಿದರೆ ಆಗೋದಿಲ್ಲ, ಮೂಲದಲ್ಲೇ ಹಿಡಿಯಬೇಕು.

ಮೂಲದಲ್ಲಿ ಹಿಡಿಯೋದಕ್ಕೆ ಅತಿ ಸೊಗಸಾದ ದಾರಿ ಫ್ಯಾನಿನ ವೇಗ. ಫ್ಯಾನಿನ ಸದ್ದು ವೇಗದ ಲಾಗರಿದಮ್ಮಿನ ಸುಮಾರು 50 ಪಟ್ಟಿನಂತೆ ಬದಲಾಗುತ್ತದೆ. ವೇಗವನ್ನು 20% ಇಳಿಸಿದರೆ ಸುಮಾರು 5 ಡೆಸಿಬಲ್ ಕಡಿಮೆ. ಹರಿವು ಅಷ್ಟು ಕಡಿಮೆ ಆದರೂ ಸಾಕಾಗುವ ಹೊತ್ತಿನಲ್ಲಿ ಡ್ಯಾಂಪರ್ ಮುಚ್ಚುವ ಬದಲು ವಿಎಫ್‌ಡಿ ಹಾಕಿ ವೇಗ ಇಳಿಸಿದರೆ, ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ, ಅಂದರೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಾಲಿನ್ಯ ನಿಯಂತ್ರಣ ಅಂದರೆ ಬರೀ ಖರ್ಚು ಅನ್ನೋರಿಗೆ ಇದನ್ನು ತೋರಿಸಿ.

ಕವಚ ಕಟ್ಟುವಾಗ ಒಂದು ಎಚ್ಚರ. ಗೋಡೆಯ ವಿಸ್ತೀರ್ಣದಲ್ಲಿ 1% ಸಂದು ಬಿಟ್ಟರೆ, ಗೋಡೆ ಎಷ್ಟೇ ದಪ್ಪ ಇರಲಿ, 20 ಡೆಸಿಬಲ್‌ಗಿಂತ ಹೆಚ್ಚು ತಡೆ ಸಿಗೋದಿಲ್ಲ. ನೂರರಲ್ಲಿ ಒಂದು ಪಾಲು ಶಕ್ತಿ ಸೀದಾ ಹೊರಗೆ ಹೋಯಿತಲ್ಲ! ಬಿಸಿ ಜಾಸ್ತಿ ಅಂತ ಜನರೇಟರ್ ಕವಚದ ಬಾಗಿಲು ತೆರೆದಿಟ್ಟರೆ ಲಕ್ಷಗಟ್ಟಲೆ ಸುರಿದ ಕವಚ ಬರೀ ನೆರಳಿನ ಶೆಡ್ ಆಗುತ್ತದೆ. ತಪ್ಪು ಆಪರೇಟರದ್ದಲ್ಲ. ಗಾಳಿ ಓಡಾಡಲು ಸೈಲೆನ್ಸರ್ ಇರುವ ದಾರಿ ಕೊಡದ ಡಿಸೈನಿನದ್ದು.

ಸರಾಸರಿಯಲ್ಲೂ ಒಂದು ಪಾಠ ಇದೆ. ರಾತ್ರಿಯ 8 ಗಂಟೆಯಲ್ಲಿ ಹತ್ತೇ ನಿಮಿಷ ಹಬೆ ಬಿಟ್ಟ ಸದ್ದು ಮನೆ ಬಾಗಿಲಲ್ಲಿ 80 ಇತ್ತು, ಉಳಿದ ಹೊತ್ತು 42. ಸಾಮಾನ್ಯ ಸರಾಸರಿ ಹಾಕಿದರೆ 43 ಬರುತ್ತದೆ, ಎಲ್ಲ ಸರಿ ಅನ್ನಿಸುತ್ತದೆ. ನಿಯಮ ಕೇಳೋದು ಶಕ್ತಿಯ ಸರಾಸರಿ. ಅದು ಸುಮಾರು 63. ನಿದ್ದೆಯಿಂದ ಎದ್ದು ಕೂತ ಮಗುವಿನ ಕಡೆ ಇರೋದು ಈ ಎರಡನೇ ಲೆಕ್ಕ.

ಅಳೆಯುವವರಿಗೆ ಸಂಬಳ ಕೊಡೋರು ಯಾರು?

ಇಷ್ಟೆಲ್ಲ ಆದ ಮೇಲೂ ಉಳಿಯುವ ಪ್ರಶ್ನೆ ಅಳತೆಯದ್ದು. ಚಿಮಣಿಯೊಳಗೆ ನಳಿಕೆ ತೂರಿಸಿ ಧೂಳು ಹಿಡಿಯುವಾಗ, ನಳಿಕೆಯ ಒಳಗಿನ ವೇಗ ಚಿಮಣಿಯ ಅನಿಲದ ವೇಗಕ್ಕೆ ಸಮ ಇರಬೇಕು. ಇದನ್ನು ಐಸೋಕೈನೆಟಿಕ್ ಅನ್ನುತ್ತಾರೆ. ಪಂಪು ಜೋರಾಗಿ ಎಳೆದರೆ ಹಗುರ ಗಾಳಿ ಬಾಗಿ ಒಳಗೆ ಬರುತ್ತದೆ, ಭಾರದ ಕಣ ಜಡತ್ವದಿಂದ ನೇರ ಹೋಗಿಬಿಡುತ್ತದೆ. ವರದಿಯಲ್ಲಿ ಧೂಳು ಕಡಿಮೆ! ಒಂದು ವಾಲ್ವ್ ಸ್ವಲ್ಪ ತಿರುಗಿಸಿದರೆ ಸಾಕು, ಕಾಯ್ದೆಯೂ ತಟ್ಟೆಯೂ ಸುಮ್ಮನಾಗುತ್ತವೆ.

ಇದು ಬರೀ ಅನುಮಾನ ಅಲ್ಲ ಅಂತ ತೋರಿಸಿದ ಒಂದು ಅಧ್ಯಯನ ಇದೆ. ಗುಜರಾತಿನಲ್ಲಿ ಕಾರ್ಖಾನೆಗಳೇ ತಮ್ಮ ಆಡಿಟರನ್ನು ಆರಿಸಿ, ತಾವೇ ಶುಲ್ಕ ಕೊಡುವ ಪದ್ಧತಿ ಇತ್ತು. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಅವರು ರಾಜ್ಯದ ಮಂಡಳಿಯ ಜೊತೆ ಸೇರಿ 2009ರಿಂದ 2011ರವರೆಗೆ ಒಂದು ಪ್ರಯೋಗ ಮಾಡಿದರು. ಹಳೆ ಪದ್ಧತಿಯ ವರದಿಗಳಲ್ಲಿ ಧೂಳಿನ ಸಂಖ್ಯೆಗಳು 150ರ ಮಿತಿಗೆ ಸ್ವಲ್ಪವೇ ಕೆಳಗೆ ಗುಂಪುಗೂಡಿದ್ದವು. ಮತ್ತೆ ಹೋಗಿ ಅಳೆದಾಗ ಅವುಗಳಲ್ಲಿ ಎಷ್ಟೋ ಮಿತಿ ಮೀರಿದ್ದವು. ಪ್ರಯೋಗದ ಗುಂಪಿನಲ್ಲಿ ಆಡಿಟರನ್ನು ಚೀಟಿ ಎತ್ತಿದಂತೆ ಹಂಚಿದರು, ಶುಲ್ಕವನ್ನು ಸಾಮಾನ್ಯ ನಿಧಿಯಿಂದ ಕೊಟ್ಟರು, ಕೆಲವು ಅಳತೆಗಳನ್ನು ಹೇಳದೆ ಕೇಳದೆ ಮರುಪರೀಕ್ಷೆ ಮಾಡಿದರು. ಆಡಿಟರುಗಳು ನಿಜ ಬರೆಯತೊಡಗಿದರು. ಅಷ್ಟೇ ಅಲ್ಲ, ಆ ಕಾರ್ಖಾನೆಗಳು ಮಾಲಿನ್ಯವನ್ನೂ ಇಳಿಸಿದವು. ಯಂತ್ರ ಬದಲಾಗಲಿಲ್ಲ, ಕಾಯ್ದೆ ಬದಲಾಗಲಿಲ್ಲ, ದುಡ್ಡು ಬರುವ ದಾರಿ ಬದಲಾಯಿತು.

ಈಗ ಅತಿ ಮಾಲಿನ್ಯದ 17 ಬಗೆಯ ಉದ್ದಿಮೆಗಳಲ್ಲಿ ನಿರಂತರ ಆನ್‌ಲೈನ್ ಮಾಪಕ ಕಡ್ಡಾಯ. ಸೂರತ್‌ನಲ್ಲಿ 2019ರಿಂದ ಇಂಥ ಮಾಪಕಗಳ ಆಧಾರದ ಮೇಲೆ ಧೂಳಿನ ಪರ್ಮಿಟ್ ವ್ಯಾಪಾರವೂ ನಡೆದಿದೆ. ಒಳ್ಳೆಯದೇ. ಆದರೆ ಸೆನ್ಸರನ್ನೂ ಯಾರೋ ಒಬ್ಬರು ಕ್ಯಾಲಿಬ್ರೇಟ್ ಮಾಡಬೇಕಲ್ಲ. ನಾಲ್ಕೈದು ವರ್ಷದಲ್ಲಿ ಆ ಒಬ್ಬರು ನಮ್ಮ ಬ್ಯಾಚಿನವರೇ ಆಗಿರಬಹುದು. ಆಗ ಎದುರಿಗೆ ಒಂದು ಕಾಗದ ಇರುತ್ತದೆ, ಮೇಲಿನವರು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನುತ್ತಾರೆ. ಆ ಹೊತ್ತಿಗೆ ಉಪಯೋಗಕ್ಕೆ ಬರೋದು ಕಾಯ್ದೆಯ ಇಸವಿ ಅಲ್ಲ. ‘ಸರ್, ವೇಗ ಸಮ ಇರಲಿಲ್ಲ, ಈ ರೀಡಿಂಗ್ ನಿಲ್ಲೋದಿಲ್ಲ’ ಅಂತ ಹೇಳುವಷ್ಟು ವಿಷಯ ಗೊತ್ತಿರೋದು.

ಮಾಡಿ ನೋಡಿ

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ, ಕಾಲೇಜಿನ ಹಿಂದಿರುವ ಡೀಸೆಲ್ ಜನರೇಟರ್ ಸಾಕು.

1. ಅದರ ನೇಮ್‌ಪ್ಲೇಟಿನಲ್ಲಿ ಕೆವಿಎ ಎಷ್ಟಿದೆ ನೋಡಿ. ಹೊಗೆ ಕೊಳವೆಯ ಕನಿಷ್ಠ ಎತ್ತರ = ಅದು ಇರುವ ಕಟ್ಟಡದ ಎತ್ತರ + 0.2 × ಕೆವಿಎಯ ವರ್ಗಮೂಲ. ಕಟ್ಟಡ 12 ಮೀಟರ್, ಯಂತ್ರ 250 ಕೆವಿಎ ಇದ್ದರೆ ಸುಮಾರು 15.2 ಮೀಟರ್. ನಮ್ಮದು ಎಷ್ಟಿದೆ?

2. ಕವಚದಿಂದ 1 ಮೀಟರ್ ದೂರದಲ್ಲಿ 1000 ಕೆವಿಎವರೆಗಿನ ಹೊಸ ಜನರೇಟರಿನ ಸದ್ದು 75 ಡೆಸಿಬಲ್ ದಾಟಬಾರದು. ಫೋನಿನ ಆ್ಯಪ್ ಕಾನೂನಿಗೆ ಸಾಕ್ಷಿ ಆಗೋದಿಲ್ಲ, ಆದರೆ ಬಾಗಿಲು ಮುಚ್ಚಿದಾಗ, ತೆರೆದಾಗ ಎಷ್ಟು ವ್ಯತ್ಯಾಸ ಅನ್ನೋದನ್ನು ಚೆನ್ನಾಗಿಯೇ ತೋರಿಸುತ್ತದೆ.

3. ಶಿಕ್ಷಣ ಸಂಸ್ಥೆಯ ಸುತ್ತ 100 ಮೀಟರ್ ಮೌನ ವಲಯ ಆಗಬಹುದು. ಹಾಗಾದರೆ ಲೈಬ್ರರಿ ಕಿಟಕಿಯಲ್ಲಿ ಹಗಲಿನ ಮಿತಿ 50. ಕರೆಂಟು ಹೋದ ಹೊತ್ತಿನಲ್ಲಿ ಅಲ್ಲಿ ಎಷ್ಟು ಬರುತ್ತದೆ? ಆರರ ಲೆಕ್ಕದಿಂದ ಮೊದಲು ಊಹಿಸಿ, ಆಮೇಲೆ ಅಳೆಯಿರಿ.

ಊಹೆಗೂ ಅಳತೆಗೂ ವ್ಯತ್ಯಾಸ ಬಂದರೆ ಗಾಬರಿ ಬೇಡ, ಗೋಡೆಯ ಪ್ರತಿಧ್ವನಿ ಇರುತ್ತದೆ, ಕಾರಣ ಹುಡುಕಿ. ಬಂದ ಸಂಖ್ಯೆಗಳನ್ನು ಬಂದ ಹಾಗೇ ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡೋಣ.